ರಾತ್ರಿ ಹನ್ನೊಂದರ ಚಾ ಬಿಡಬೇಕಾ? ನಿದ್ದೆ ಇಲ್ಲ, ಎದೆ ಡಬಡಬ, ತಲೆ ತುಂಬ ಟೆನ್ಶನ್

ಸಪ್ತಾಪುರದ_ರೂಮು · ಶುಕ್ರವಾರ, ರಾತ್ರಿ 1:40

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ. ಊರು ಗದಗ ಹತ್ತಿರ. ಎರಡು ವರ್ಷದಿಂದ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆಎಎಸ್, ಪಿಡಿಒ ಅಂತ ಓದುತ್ತಿದ್ದೇನೆ. ಇನ್ನೂ ಯಾವುದೂ ಆಗಿಲ್ಲ.

ನನ್ನ ದಿನ ಹೇಳುತ್ತೇನೆ. ಬೆಳಗ್ಗೆ ಆರೂವರೆಗೆ ಒಂದು ಅರ್ಧ ಚಾ. ಲೈಬ್ರರಿಗೆ ಹೋಗುವಾಗ ಒಂದು. ಹನ್ನೊಂದಕ್ಕೆ ಒಂದು. ಖಾನಾವಳಿಯಲ್ಲಿ ಊಟ ಆದ ಕೂಡಲೇ ಒಂದು. ನಾಲ್ಕಕ್ಕೆ, ಆರಕ್ಕೆ, ಒಂಬತ್ತಕ್ಕೆ. ಆಮೇಲೆ ರಾತ್ರಿ ಹನ್ನೊಂದಕ್ಕೆ ನಾಲ್ಕು ಜನ ಸೇರಿ ನಡೆದುಕೊಂಡು ಹೋಗಿ ಕೊನೆಯದು. ಒಟ್ಟು ಎಂಟು. ಬೆಳಗಿನ ತಿಂಡಿ ಇಲ್ಲ, ದುಡ್ಡು ಉಳಿಯುತ್ತದೆ ಅಂತ. ರಾತ್ರಿ ಎಗ್ ರೈಸ್ ಅಥವಾ ಮ್ಯಾಗಿ.

ಮಲಗುವುದು ಎರಡು, ಎರಡೂವರೆಗೆ. ಆರಕ್ಕೆ ಅಲಾರಂ. ಈಗ ಎರಡು ತಿಂಗಳಿಂದ ಹಾಸಿಗೆಗೆ ತಲೆ ಇಟ್ಟ ಕೂಡಲೇ ಎದೆ ಡಬಡಬ ಹೊಡೆದುಕೊಳ್ಳುತ್ತದೆ. ಓದಿದ್ದು ನೆನಪಿರುವುದಿಲ್ಲ. ಮನೆಯಿಂದ ಫೋನ್ ಬಂದರೆ ಸುಮ್ನೆ ಸಿಟ್ಟು ಬರುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಚಾದಿಂದ ಟೆನ್ಶನ್ನಾ, ಟೆನ್ಶನ್‌ನಿಂದ ಚಾನಾ? ವಿಚಿತ್ರ ಅಂದರೆ ನನ್ನ ರೂಮ್‌ಮೇಟ್ ಕೂಡ ಅದೇ ಹನ್ನೊಂದರ ಚಾ ಕುಡಿದು ಬಂದು ಹತ್ತು ನಿಮಿಷದಲ್ಲಿ ಗೊರಕೆ ಹೊಡೆಯುತ್ತಾನೆ.

ಬೈಟು_ಬೆಂಗಳೂರು · ರಾತ್ರಿ 1:52

ಗುರುವೇ, ರಾತ್ರಿ 1:40ಕ್ಕೆ ಪೋಸ್ಟ್ ಹಾಕಿ ನಿದ್ದೆ ಯಾಕೆ ಬರಲ್ಲ ಅಂತ ಕೇಳ್ತಿದ್ದೀರಲ್ಲ. ಮೊದಲು ಫೋನ್ ಇಡಿ.

(ನಾನೂ ಎದ್ದೇ ಇದ್ದೇನೆ, ಅದು ಬೇರೆ ವಿಷಯ.)

ಹುಬ್ಬಳ್ಳಿ_ಮಿರ್ಚಿ · ರಾತ್ರಿ 2:05

ಎಂಟು ಚಾ ಏನ್ ದೊಡ್ಡದು ರೀ? ನಮ್ಮ ಕಡೆ ಅಂಗಡಿಗೆ ಹೋದವರಿಗೆ ಎಂಟು, ಮನೆಗೆ ಬಂದವರ ಜೊತೆ ನಾಲ್ಕು. ಚಾ ಕುಡಿದು ಯಾರೂ ಹುಚ್ಚರಾಗಿಲ್ಲ.

ಲೆಕ್ಕದ_ಮೇಷ್ಟ್ರು · ಶನಿವಾರ, ಬೆಳಗ್ಗೆ 6:20

ಲೆಕ್ಕ ಹಾಕೋಣ, ಆಮೇಲೆ ಬೈಯೋಣ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರದ ಸಲಹೆಗಳಲ್ಲಿ ಒಂದು ಲೆಕ್ಕ ಇದೆ. 150 ಮಿ.ಲೀ. ಟೀಯಲ್ಲಿ ಕೆಫೀನ್ 30ರಿಂದ 65 ಮಿ.ಗ್ರಾಂ. ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65. ಡಿಕಾಕ್ಷನ್ ಇಳಿಸಿದ ಕಾಫಿಯಲ್ಲಿ 80ರಿಂದ 120. ದಿನಕ್ಕೆ 300 ದಾಟಬೇಡಿ ಅನ್ನುತ್ತಾರೆ.

ಧಾರವಾಡದ ಅರ್ಧ ಚಾ ಅಂದರೆ ಹೆಚ್ಚೆಂದರೆ 70 ಮಿ.ಲೀ. ಹಾಗಾದರೆ ಒಂದಕ್ಕೆ 15ರಿಂದ 30. ಎಂಟಕ್ಕೆ 120ರಿಂದ 240. ಅಂಗಡಿಯವರು ಪುಡಿಯನ್ನು ಗಂಟೆಗಟ್ಟಲೆ ಕುದಿಸುತ್ತಾರೆ, ಹಾಗಾಗಿ ಮೇಲಿನ ಅಂಕಿಯನ್ನೇ ಹಿಡಿಯಿರಿ. ಆದರೂ ಮಿತಿ ದಾಟಿಲ್ಲ.

ದಾಟಿರುವುದು ಸಕ್ಕರೆ. ಒಂದಕ್ಕೆ ಒಂದೂವರೆ ಚಮಚ ಅಂದರೂ ದಿನಕ್ಕೆ 12 ಚಮಚ, ಹತ್ತಿರ ಹತ್ತಿರ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ. ತಿಂಡಿ ದುಡ್ಡು ಉಳಿಸಿ ಸಕ್ಕರೆ ನೀರು ಕುಡಿಯುತ್ತಿದ್ದೀರಿ ತಮ್ಮಾ.

ಹುಬ್ಬಳ್ಳಿ_ಮಿರ್ಚಿ · ಬೆಳಗ್ಗೆ 7:10

ನೋಡಿದ್ರಾ, ಮಿತಿ ದಾಟಿಲ್ಲ. ನಾನು ಹೇಳಿದ್ದೇ ಸರಿ.

ವಾರ್ಡ್_ಡ್ಯೂಟಿ · ಬೆಳಗ್ಗೆ 7:45

ಎಷ್ಟು ಅನ್ನುವುದಕ್ಕಿಂತ ಯಾವಾಗ ಅನ್ನುವುದು ಮುಖ್ಯ. ಎಂಬಿಬಿಎಸ್ ಮುಗಿಸಿ ಪಿಜಿ ಮಾಡುತ್ತಿರುವವನು ನಾನು, ನಿದ್ದೆಗೆಡುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ.

ಬೆಳಗ್ಗೆ ಎದ್ದಾಗಿನಿಂದ ಮೆದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಕೂಡುತ್ತಾ ಹೋಗುತ್ತದೆ. ಅದು ತನ್ನ ಜಾಗದಲ್ಲಿ ಕೂತಾಗ ನಮಗೆ ತೂಕಡಿಕೆ. ಕೆಫೀನ್ ಏನು ಮಾಡುತ್ತದೆ ಅಂದರೆ, ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಆ ಸೀಟು ಹಿಡಿದುಬಿಡುತ್ತದೆ. ಅಡೆನೊಸಿನ್ ಎಲ್ಲೂ ಹೋಗಿರುವುದಿಲ್ಲ, ನಿಂತೇ ಪ್ರಯಾಣ ಮಾಡುತ್ತಿರುತ್ತದೆ. ಸುಸ್ತು ಹೋಗಿದೆ ಅಂತ ನಮಗೆ ಅನಿಸುತ್ತದೆ ಅಷ್ಟೇ.

ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಒಬ್ಬೊಬ್ಬರಿಗೆ ಒಂದೊಂದು ಥರ. ನಿಮ್ಮ ಹನ್ನೊಂದರ ಚಾದಲ್ಲಿ ಅರ್ಧ ಬೆಳಗಿನ ನಾಲ್ಕಕ್ಕೂ ಮೈಯಲ್ಲಿರುತ್ತದೆ. ಒಂಬತ್ತರದ್ದು, ಆರರದ್ದು ಉಳಿದಿದ್ದು ಸೇರಿಸಿಕೊಳ್ಳಿ. 2013ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಮಲಗುವ ಆರು ಗಂಟೆ ಮೊದಲು ಕೆಫೀನ್ ತೆಗೆದುಕೊಂಡವರಿಗೂ ಒಂದು ಗಂಟೆಗಿಂತ ಜಾಸ್ತಿ ನಿದ್ದೆ ಕಡಿಮೆಯಾಯಿತು.

ಇನ್ನೊಂದು ಮಾತು. ನಿಮ್ಮ ರೂಮ್‌ಮೇಟ್ ಸಿಗರೇಟು ಸೇದುತ್ತಾರಾ?

ಲೆಕ್ಕದ_ಮೇಷ್ಟ್ರು · ಬೆಳಗ್ಗೆ 8:02

ಡಾಕ್ಟ್ರೇ, ಆ ಅಧ್ಯಯನದಲ್ಲಿ ಕೊಟ್ಟಿದ್ದು 400 ಮಿ.ಗ್ರಾಂ. ಹದಿಮೂರು ಅರ್ಧ ಚಾ ಒಟ್ಟಿಗೆ ಕುಡಿದ ಹಾಗೆ. ಹುಡುಗನನ್ನು ಸುಮ್ನೆ ಹೆದರಿಸಬೇಡಿ.

ವಾರ್ಡ್_ಡ್ಯೂಟಿ · ಬೆಳಗ್ಗೆ 8:15

ಒಪ್ಪಿದೆ ಸರ್. ಅದನ್ನು ನಾನೇ ಹೇಳಬೇಕಿತ್ತು. ಆದರೆ ಇವರು ಆರು ಗಂಟೆ ಮೊದಲಲ್ಲ, ಮೂರೇ ಗಂಟೆ ಮೊದಲು ಕುಡಿಯುತ್ತಿದ್ದಾರೆ.

ಸಪ್ತಾಪುರದ_ರೂಮು · ಬೆಳಗ್ಗೆ 8:40

ಸೇದುತ್ತಾನೆ. ದಿನಕ್ಕೆ ಆರೇಳು. ನಿಮಗೆ ಹೇಗೆ ಗೊತ್ತಾಯಿತು??

ವಾರ್ಡ್_ಡ್ಯೂಟಿ · ಬೆಳಗ್ಗೆ 8:55

ಸಿಗರೇಟಿನ ಹೊಗೆ ಲಿವರ್‌ನಲ್ಲಿ ಕೆಫೀನ್ ಕರಗಿಸುವ ಕಿಣ್ವವನ್ನು ಚುರುಕು ಮಾಡುತ್ತದೆ. ಸೇದುವವರಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಹೋಗುತ್ತದೆ. ಅದಕ್ಕೇ ಅವರಿಗೆ ಗೊರಕೆ, ನಿಮಗೆ ಜಾಗರಣೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದರ ಉಲ್ಟಾ, ನಿಧಾನ ಕರಗುತ್ತದೆ.

ದಯವಿಟ್ಟು ಇದನ್ನು ಓದಿ ಯಾರೂ ಸಿಗರೇಟು ಶುರು ಮಾಡಬೇಡಿ.

ಬೈಟು_ಬೆಂಗಳೂರು · ಬೆಳಗ್ಗೆ 9:00

ತಡವಾಯ್ತು, ಅಂಗಡಿ ಮುಂದೆ ನಿಂತಿದ್ದೀನಿ 😄

ಅಜ್ಜಿಯ_ಮೊಮ್ಮಗ · ಬೆಳಗ್ಗೆ 9:30

ಈ ಕೆಫೀನ್ ಗಲಾಟೆ ನನಗೆ ಅರ್ಥ ಆಗಲ್ಲ. ನಮ್ಮಜ್ಜಿ ರಾತ್ರಿ ಊಟ ಮುಗಿಸಿ ಒಂದು ಲೋಟ ಟೀ ಕುಡಿದೇ ಮಲಗುತ್ತಿದ್ದರು. ಹಾಲು ಹಾಕಿದರೆ ಕೆಫೀನ್ ಸತ್ತು ಹೋಗುತ್ತದೆ ಅಂತ ಕೇಳಿದ್ದೇನೆ.

ವಾರ್ಡ್_ಡ್ಯೂಟಿ · ಬೆಳಗ್ಗೆ 9:50

ಹಾಲು ಕೆಫೀನನ್ನು ಸಾಯಿಸಲ್ಲ. ಒಂದೇ ಲೋಟದಲ್ಲಿ ಹಾಲು ಜಾಸ್ತಿಯಾದರೆ ಡಿಕಾಕ್ಷನ್ ಕಡಿಮೆ ಹಿಡಿಸುತ್ತದೆ, ಅಷ್ಟೇ.

ಅಜ್ಜಿ ಹಗಲೆಲ್ಲಾ ಏನು ಕೆಲಸ ಮಾಡುತ್ತಿದ್ದರು?

ಅಜ್ಜಿಯ_ಮೊಮ್ಮಗ · ಬೆಳಗ್ಗೆ 10:10

ಗದ್ದೆ, ಎರಡು ಎಮ್ಮೆ, ಎಂಟು ಜನರ ಅಡುಗೆ. ಸರಿ ಸರಿ, ಅರ್ಥ ಆಯ್ತು.

ಸಿರ್ಸಿ_ಕಷಾಯ · ಬೆಳಗ್ಗೆ 10:40

ಅಯ್ಯೋ ಮಾರಾಯ್ರೆ, ಚಾ ಬಿಟ್ಟು ಕಷಾಯ ಕುಡೀರಿ. ಕೊತ್ತಂಬರಿ ಬೀಜ, ಜೀರಿಗೆ, ಸ್ವಲ್ಪ ಮೆಂತ್ಯ, ನಾಲ್ಕು ಕಾಳುಮೆಣಸು, ಒಂದು ಚೂರು ಒಣಶುಂಠಿ. ಬೇರೆ ಬೇರೆ ಹುರಿದು ಪುಡಿ ಮಾಡಿ ಡಬ್ಬದಲ್ಲಿ ಇಟ್ಟುಕೊಳ್ಳಿ. ಒಂದು ಚಮಚ ಪುಡಿ, ಬೆಲ್ಲ, ನೀರು, ಕುದಿಸಿ ಮೇಲೆ ಹಾಲು. ನಮ್ಮ ಮನೆಯಲ್ಲಿ ರಾತ್ರಿ ನೆಂಟರು ಬಂದರೆ ಇದೇ. ಇದರಲ್ಲಿ ಕೆಫೀನ್ ಸುದ್ದಿಯೇ ಇಲ್ಲ.

ಕಾಫಿ_ತೋಟ · ಬೆಳಗ್ಗೆ 11:05

ಚಿಕ್ಕಮಗಳೂರಿನವನಾಗಿ ಒಂದು ಮಾತು. ಕಾಫಿಯನ್ನು ವಿಲನ್ ಮಾಡಿ ಟೀಗೆ ಮಾಫಿ ಕೊಡಬೇಡಿ. ಮೇಷ್ಟ್ರು ಹೇಳಿದ 80ರಿಂದ 120 ಪೂರ್ತಿ ಕಾಫಿಪುಡಿಯ ಲೆಕ್ಕ. ನಮ್ಮ ಹೋಟೆಲ್ ಕಾಫಿಯಲ್ಲಿ ಚಿಕೋರಿ ಬೆರೆಸಿರುತ್ತಾರೆ, ಚಿಕೋರಿಯಲ್ಲಿ ಕೆಫೀನ್ ಇರುವುದೇ ಇಲ್ಲ. ಅದನ್ನೂ ಬೈಟು ಮಾಡಿದರೆ ಇನ್ನೂ ಕಡಿಮೆ.

ಹುಬ್ಬಳ್ಳಿ_ಮಿರ್ಚಿ · ಬೆಳಗ್ಗೆ 11:12

ಚಿಕೋರಿ ಕುಡಿದು ಕಾಫಿ ಅನ್ನೋರ ಜೊತೆ ನಾವು ವಾದ ಮಾಡಲ್ಲ.

ಕಾಫಿ_ತೋಟ · ಬೆಳಗ್ಗೆ 11:14

ಸಕ್ಕರೆ ಪಾಕಕ್ಕೆ ಬಣ್ಣ ಹಾಕಿ ಚಾ ಅನ್ನೋರು ಹೇಳಬೇಕು.

ನಿರ್ವಾಹಕ · ಬೆಳಗ್ಗೆ 11:30

ಕಾಫಿ-ಟೀ ಯುದ್ಧಕ್ಕೆ ಬೇರೆ ಎಳೆ ಇದೆ, ನಾಲ್ಕು ವರ್ಷದಿಂದ ಮುಗಿದಿಲ್ಲ. ಅಲ್ಲಿ ಹೋಗಿ.

ಗ್ರೀನ್_ಟೀ_ಗೀತಾ · ಮಧ್ಯಾಹ್ನ 12:20

ನಾನು ಗ್ರೀನ್ ಟೀಗೆ ಬದಲಾದೆ. ಕೆಫೀನ್ ಇಲ್ಲ, ಮನಸ್ಸು ಶಾಂತ. ಟೀಯಲ್ಲಿ ಥಿಯಾನಿನ್ ಇದೆಯಂತೆ, ಅದು ಒತ್ತಡ ಇಳಿಸುತ್ತದಂತೆ. ಲಂಡನ್ನಿನಲ್ಲಿ ಸಾಬೀತು ಮಾಡಿದ್ದಾರೆ.

ಲೆಕ್ಕದ_ಮೇಷ್ಟ್ರು · ಮಧ್ಯಾಹ್ನ 12:50

ಅಮ್ಮಾ, ಗ್ರೀನ್ ಟೀ, ನಮ್ಮ ಕಡಕ್ ಚಾ ಎರಡೂ ಒಂದೇ ಗಿಡದ ಎಲೆ. ಸಂಸ್ಕರಿಸುವ ರೀತಿ ಬೇರೆ. ಕೆಫೀನ್ ಅದರಲ್ಲೂ ಇದೆ, ಸಾಮಾನ್ಯವಾಗಿ ಸ್ವಲ್ಪ ಕಡಿಮೆ. ಥಿಯಾನಿನ್ ಇರುವುದು ನಿಜ.

ಲಂಡನ್ ಅಧ್ಯಯನ ನಾನು ಓದಿದ್ದೇನೆ. 2006ರಲ್ಲಿ ಸುದ್ದಿಯಾಗಿದ್ದು, ಮಾಡಿದವರು ಯೂನಿವರ್ಸಿಟಿ ಕಾಲೇಜಿನವರು. 75 ಗಂಡಸರು, ಆರು ವಾರ, ದಿನಕ್ಕೆ ನಾಲ್ಕು ಸಲ. ಅರ್ಧ ಜನಕ್ಕೆ ಬ್ಲ್ಯಾಕ್ ಟೀ ಅಂಶಗಳಿರುವ ಪಾನೀಯ, ಉಳಿದವರಿಗೆ ಅದರ ಥರವೇ ಇರುವ ಡೂಪ್ಲಿಕೇಟ್. ಆಮೇಲೆ ಟೆನ್ಶನ್ ಬರುವಂಥ ಕೆಲಸ ಕೊಟ್ಟರು. ಎರಡೂ ಗುಂಪಿನವರ ಬಿಪಿ, ಎದೆಬಡಿತ ಒಂದೇ ಥರ ಏರಿತು. ಅದು ಮುಗಿದು 50 ನಿಮಿಷಕ್ಕೆ ನೋಡಿದರೆ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನ್ ಟೀ ಗುಂಪಿನಲ್ಲಿ 47% ಇಳಿದಿತ್ತು, ಇನ್ನೊಂದರಲ್ಲಿ 27%.

ಅಂದರೆ ಟೀ ಟೆನ್ಶನ್ ಬರುವುದನ್ನು ತಡೆಯಲಿಲ್ಲ. ಬಂದ ಮೇಲೆ ಬೇಗ ಇಳಿಯಲು ನೆರವಾಯಿತು. ಗಮನಿಸಿ, ಡೂಪ್ಲಿಕೇಟ್‌ನಲ್ಲೂ ಕೆಫೀನ್ ಇತ್ತು. ಹಾಗಾಗಿ ಒಳ್ಳೆಯದು ಮಾಡಿದ್ದು ಕೆಫೀನ್ ಅಲ್ಲ. ಅವರು ಅದನ್ನು ರಾತ್ರಿ ಹನ್ನೊಂದಕ್ಕೆ ಎಗ್ ರೈಸ್ ಮೇಲೆ ಕುಡಿದವರೂ ಅಲ್ಲ.

ಬೈಟು_ಬೆಂಗಳೂರು · ಮಧ್ಯಾಹ್ನ 12:58

ಮೇಷ್ಟ್ರೇ, ನೀವು ಸ್ಕೂಲಲ್ಲೂ ಹೀಗೇನಾ?

ಹಾಸ್ಟೆಲ್_ಮಲ್ಲಿಗೆ · ಮಧ್ಯಾಹ್ನ 2:30

ಎಲ್ಲರೂ ಕೆಫೀನ್ ಹಿಡಿದುಕೊಂಡಿದ್ದೀರಿ. ನಾನು ಬೇರೆ ಕಥೆ ಹೇಳುತ್ತೇನೆ.

ನಾನು ಮೈಸೂರಲ್ಲಿ ಎಂಎಸ್ಸಿ ಮಾಡುವಾಗ ಇವರ ಥರವೇ ಇತ್ತು. ಸುಸ್ತು, ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುವುದು, ಪುಸ್ತಕ ಹಿಡಿದರೆ ಅಳು. ಎಲ್ಲ ಪರೀಕ್ಷೆ ಟೆನ್ಶನ್ ಅಂತ ನಾನೇ ತೀರ್ಮಾನ ಮಾಡಿದ್ದೆ. ಫ್ರೆಂಡ್ಸ್ ಧ್ಯಾನದ ಆ್ಯಪ್ ಹಾಕಿಸಿದರು. ಒಂದು ವರ್ಷ ಹಾಗೇ ಕಳೆಯಿತು. ರಜೆಗೆ ಊರಿಗೆ ಹೋದಾಗ ಅತ್ತೆ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಏನೇ ಇದು, ಸುಣ್ಣದ ಥರ ಬೆಳ್ಳಗಿದೆ" ಅಂದರು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.6. ನನಗಿದ್ದದ್ದು ರಕ್ತಹೀನತೆ!

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ಊಟದ ಜೊತೆ ಟೀ ಕುಡಿಯುತ್ತೀಯಾ ಅಂತ. ಹಾಸ್ಟೆಲ್‌ನಲ್ಲಿ ತಿಂಡಿ ಜೊತೆಗೇ ಟೀ ಕೊಡುತ್ತಿದ್ದರು. ಟೀಯಲ್ಲಿರುವ ಟ್ಯಾನಿನ್ ಸೊಪ್ಪು, ಕಾಳಿನಲ್ಲಿರುವ ಕಬ್ಬಿಣಕ್ಕೆ ಅಂಟಿಕೊಂಡು ಅದು ಮೈಗೆ ಹತ್ತದ ಹಾಗೆ ಮಾಡುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಟೀ-ಕಾಫಿ ಬೇಡ ಅಂದರು. ಮಾತ್ರೆ ಕೊಟ್ಟರು, ಊಟಕ್ಕೆ ನಿಂಬೆಹಣ್ಣು ಹಿಂಡಿಕೊ ಅಂದರು. ಮೂರು ತಿಂಗಳಲ್ಲಿ ನಾನು ಬೇರೆ ಮನುಷ್ಯಳಾದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಜನಕ್ಕೆ ರಕ್ತಹೀನತೆ. ಎಷ್ಟು ಹುಡುಗಿಯರು ಇದನ್ನೇ ಟೆನ್ಶನ್ ಅಂದುಕೊಂಡು ಓಡಾಡುತ್ತಿದ್ದಾರೋ.

ವಾರ್ಡ್_ಡ್ಯೂಟಿ · ಮಧ್ಯಾಹ್ನ 3:05

ಈ ಪೋಸ್ಟ್ ಮೇಲೆ ಪಿನ್ ಮಾಡಿ. ಸಪ್ತಾಪುರದವರೇ, ನೀವು ಗಂಡಸು ಅಂತ ಬಿಡಬೇಡಿ. ಎದೆ ಡಬಡಬ ಎರಡು ತಿಂಗಳಿಂದ ಇದೆ ಅಂದರೆ ಒಮ್ಮೆ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಒಂದು ಇಸಿಜಿ. ಎಲ್ಲ ಸರಿ ಇದ್ದರೆ ಆ ಭಯವಾದರೂ ಹೋಗುತ್ತದೆ.

ನೈಟ್‌ಶಿಫ್ಟ್_ನಾಗ · ಸಂಜೆ 5:15

ಈಗ ತಾನೇ ಎದ್ದೆ. ನಮ್ಮ ಬಗ್ಗೆ ಯಾರೂ ಮಾತಾಡಲ್ಲ ಬಿಡಿ.

ನಾಲ್ಕು ವರ್ಷ ಅಮೆರಿಕದ ಕ್ಲೈಂಟ್‌ಗೆ ಸಂಜೆ ಆರೂವರೆಯಿಂದ ಬೆಳಗಿನ ಜಾವ ಮೂರೂವರೆ ತನಕ ಕೆಲಸ ಮಾಡಿದ್ದೇನೆ. ಆಫೀಸಿನಲ್ಲಿ ಟೀ ಮಶೀನ್ ಫ್ರೀ. ರಾತ್ರಿ ಒಂದಕ್ಕೆ ಬಿರಿಯಾನಿ, ಎರಡಕ್ಕೆ ಟೀ, ಮೂರಕ್ಕೆ ಟೀ. ಮನೆಗೆ ಬಂದರೆ ಹೊಟ್ಟೆ ಉರಿ. ಏಳಕ್ಕೆ ಸೂರ್ಯ ಮುಖಕ್ಕೆ ಹೊಡೆಯುತ್ತಾನೆ. ಓನರ್ ಮನೆಯಲ್ಲಿ ಮಿಕ್ಸಿ ಶುರು. ಮ್ಯಾನೇಜರ್‌ಗೆ ಹೇಳಿದರೆ, "ಎಲ್ಲರಿಗೂ ಹಾಗೇ, ಅಡ್ಜಸ್ಟ್ ಆಗುತ್ತೆ" ಅಂದರು. ಎಂಟು ಕೆಜಿ ಜಾಸ್ತಿಯಾದೆ.

ತೂಕ ಯಾಕೆ ಏರಿತು ಅಂತ ಆಮೇಲೆ ಓದಿ ತಿಳಿದುಕೊಂಡೆ. 2004ರಲ್ಲಿ ಶಿಕಾಗೋದಲ್ಲಿ 12 ಆರೋಗ್ಯವಂತ ಹುಡುಗರನ್ನು ಎರಡು ರಾತ್ರಿ ಬರೀ ನಾಲ್ಕು ಗಂಟೆ ಮಲಗಿಸಿ ನೋಡಿದರು. ಸಾಕು ಅನ್ನುವ ಹಾರ್ಮೋನ್ 18% ಇಳಿಯಿತು. ಹಸಿವು ಅನ್ನುವ ಹಾರ್ಮೋನ್ 28% ಏರಿತು. ಅದರಲ್ಲೂ ಸಿಹಿ, ಉಪ್ಪು ಖಾರದ ತಿಂಡಿ, ಅನ್ನ-ಬ್ರೆಡ್ಡಿನ ಮೇಲೆ ಆಸೆ ಜಾಸ್ತಿ. ಎರಡೇ ರಾತ್ರಿಗೆ! ನಾನು ನಾಲ್ಕು ವರ್ಷ.

ನನಗೆ ಕೆಲಸ ಮಾಡಿದ್ದು: ಟೀ ಶಿಫ್ಟ್ ಶುರುವಿನಲ್ಲಿ ಮಾತ್ರ, ಹತ್ತರ ಮೇಲೆ ಇಲ್ಲ. ರಾತ್ರಿ ಒಂದಕ್ಕೆ ಮನೆಯ ಮೊಸರನ್ನ ಇಲ್ಲವೇ ಚಪಾತಿ. ಕಿಟಕಿಗೆ ದಪ್ಪ ಕಪ್ಪು ಪರದೆ. ಓನರ್ ಮನೆ ಮಿಕ್ಸಿಗೆ ಮಾತ್ರ ಇನ್ನೂ ಔಷಧಿ ಸಿಕ್ಕಿಲ್ಲ.

ಒಂದೇ_ಏಟಿಗೆ_ಬಿಟ್ಟವ · ಸಂಜೆ 6:40

ಬಿಡುವವರಿಗೆ ಎಚ್ಚರಿಕೆ. ನಾನು ಹೊಸ ವರ್ಷಕ್ಕೆ ಶಪಥ ಮಾಡಿ ಒಂದೇ ದಿನ ಟೀ, ಕಾಫಿ ಎರಡೂ ಬಿಟ್ಟೆ. ಮರುದಿನ ತಲೆ ಸಿಡಿದು ಹೋಯಿತು. ಮೆದುಳಲ್ಲಿ ಏನೋ ಆಗಿದೆ ಅಂತ ಸ್ಕ್ಯಾನ್ ಮಾಡಿಸಲು ಹೊರಟಿದ್ದೆ. ಹೆಂಡತಿ ಒಂದು ಲೋಟ ಕಾಫಿ ಕೊಟ್ಟಳು, ಅರ್ಧ ಗಂಟೆಯಲ್ಲಿ ಮಾಯ. ಸ್ಕ್ಯಾನ್ ದುಡ್ಡು ಉಳಿಯಿತು, ಮರ್ಯಾದೆ ಹೋಯಿತು.

ವಾರ್ಡ್_ಡ್ಯೂಟಿ · ಸಂಜೆ 7:00

ಹಾಗೇ ಆಗುತ್ತದೆ. ನಿಲ್ಲಿಸಿದ 12ರಿಂದ 24 ಗಂಟೆಯೊಳಗೆ ತಲೆನೋವು ಶುರು, ಎರಡನೇ ದಿನ ಜೋರು, ಕೆಲವರಿಗೆ ಒಂದು ವಾರ ಕಾಡುತ್ತದೆ. ಮೂರು ದಿನಕ್ಕೊಂದು ಲೋಟದ ಹಾಗೆ ಇಳಿಸಿ, ಹಿಂದಿನಿಂದ ಶುರು ಮಾಡಿ. ಮೊದಲು ಹನ್ನೊಂದರದ್ದು, ಆಮೇಲೆ ಒಂಬತ್ತರದ್ದು, ಆಮೇಲೆ ಆರರದ್ದು. ಬೆಳಗಿನ ಚಾಕ್ಕೆ ಯಾರೂ ಕೈ ಹಾಕುವುದು ಬೇಡ.

ಸಪ್ತಾಪುರದ_ರೂಮು · ರಾತ್ರಿ 8:20

ಎಲ್ಲರಿಗೂ ಥ್ಯಾಂಕ್ಸ್. ಒಂದು ವಿಷಯ ಮೊದಲು ಹೇಳಿರಲಿಲ್ಲ. ಹನ್ನೊಂದರ ಚಾ ನಿದ್ದೆ ಓಡಿಸಲಿಕ್ಕೆ ಅಲ್ಲ. ದಿನವಿಡೀ ನಾನು ಯಾರ ಜೊತೆಯೂ ಮಾತಾಡುವುದಿಲ್ಲ. ಲೈಬ್ರರಿಯಲ್ಲಿ ಮಾತಾಡುವ ಹಾಗಿಲ್ಲ. ಮನೆಯವರ ಹತ್ತಿರ ಮಾತಾಡಿದರೆ "ರಿಸಲ್ಟ್ ಯಾವಾಗ" ಅನ್ನುತ್ತಾರೆ. ಆ ಅರ್ಧ ತಾಸು ಮಾತ್ರ ನಾಲ್ಕು ಜನ ನಗುತ್ತೇವೆ. ಅದನ್ನೂ ಬಿಟ್ಟರೆ ಏನಿದೆ?

ಹಾಸ್ಟೆಲ್_ಮಲ್ಲಿಗೆ · ರಾತ್ರಿ 8:31

ಹೋಗುವುದನ್ನು ಯಾಕೆ ಬಿಡುತ್ತೀರಿ? ಹೋಗಿ, ಚಾ ಮಾತ್ರ ಬಿಡಿ. ಬಾದಾಮಿ ಹಾಲು ಕುಡೀರಿ, ಬಿಸಿ ನೀರು ಕುಡೀರಿ. ಆಗುವುದಾದರೆ ಹನ್ನೊಂದರ ಬದಲು ಒಂಬತ್ತಕ್ಕೇ ಹೋಗಿ.

ಹುಬ್ಬಳ್ಳಿ_ಮಿರ್ಚಿ · ರಾತ್ರಿ 8:40

ತಮ್ಮಾ, ಬೆಳಗ್ಗೆ ತಮಾಷೆ ಮಾಡಿದೆ, ಬೇಜಾರ್ ಮಾಡ್ಕೋಬೇಡ. ನಾನೂ ಸಪ್ತಾಪುರದಲ್ಲಿ ಮೂರು ವರ್ಷ ಇದ್ದವನೇ. ನನಗೂ ಯಾವುದೂ ಆಗಲಿಲ್ಲ. ಈಗ ಹಾರ್ಡ್‌ವೇರ್ ಅಂಗಡಿ ಇದೆ, ಚೆನ್ನಾಗಿದ್ದೀನಿ. ಆವಾಗ ಮನೆಗೆ ಫೋನ್ ಮಾಡಲಿಕ್ಕೇ ಹೆದರುತ್ತಿದ್ದೆ.

ಬೆಳಗ್ಗೆ ತಿಂಡಿ ತಿನ್ನು ಮೊದಲು. ಒಗ್ಗರಣೆ ಚುನಮರಿ ಮೇಲೆ ಶೇಂಗಾ ಜಾಸ್ತಿ ಹಾಕಿಸಿಕೋ. ರೂಮಲ್ಲಿ ಹೆಸರುಕಾಳು ನೆನೆಸಿಟ್ಟು ಮೊಳಕೆ ಮಾಡು, ಗ್ಯಾಸ್ ಬೇಡ ಏನೂ ಬೇಡ. ಮನೆಯಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತರಿಸಿಕೋ, ತಿಂಗಳು ಕೆಡಲ್ಲ. ಎರಡು ಚಾ ದುಡ್ಡಲ್ಲಿ ಆಗುತ್ತದೆ.

ವಾರ್ಡ್_ಡ್ಯೂಟಿ · ರಾತ್ರಿ 9:10

ಮಾತಾಡಲು ಯಾರೂ ಇಲ್ಲ ಅನಿಸಿದ ರಾತ್ರಿ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, 2022ರಲ್ಲಿ ಶುರುವಾಯಿತು. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಹುಚ್ಚು ಹಿಡಿದವರಿಗೆ ಅಂತ ಅಲ್ಲ. ನನ್ನ ಜೂನಿಯರ್ ಒಬ್ಬನಿಗೆ ನಾನೇ ಮಾಡಿಸಿದ್ದೇನೆ.

ಬೈಟು_ಬೆಂಗಳೂರು · ರಾತ್ರಿ 11:48

ನಾನು ಇವತ್ತು ಹನ್ನೆರಡರೊಳಗೆ ಮಲಗುತ್ತಿದ್ದೇನೆ. ಸಾಕ್ಷಿಗೆ ಈ ಪೋಸ್ಟ್.

ಬೈಟು_ಬೆಂಗಳೂರು · ರಾತ್ರಿ 1:17

ಆಗಲಿಲ್ಲ.

ಸಪ್ತಾಪುರದ_ರೂಮು · ಮೂರು ವಾರದ ನಂತರ, ಭಾನುವಾರ ಬೆಳಗ್ಗೆ 9:05

ಸುದ್ದಿ ಹೇಳಲು ಬಂದೆ. ರಕ್ತ ಪರೀಕ್ಷೆ ಮಾಡಿಸಿದೆ. ಇಸಿಜಿ, ಥೈರಾಯ್ಡ್ ಸರಿ ಇದೆ. ಬಿ12 ಕಡಿಮೆ, ಮಾತ್ರೆ ಕೊಟ್ಟಿದ್ದಾರೆ. ಚಾ ಎಂಟರಿಂದ ನಾಲ್ಕಕ್ಕೆ ಬಂದಿದೆ, ಸಂಜೆ ನಾಲ್ಕರ ಮೇಲೆ ಇಲ್ಲ. ಮೊದಲ ನಾಲ್ಕು ದಿನ ತಲೆನೋವು, ಗೆಳೆಯರ ಮೇಲೆಲ್ಲ ರೇಗಿದೆ. ಈಗ ಹನ್ನೆರಡೂವರೆಗೆ ನಿದ್ದೆ ಬರುತ್ತದೆ. ಎದೆ ಡಬಡಬ ವಾರಕ್ಕೆ ಒಂದೆರಡು ಸಲ, ಅದೂ ಮನೆಯಿಂದ ಫೋನ್ ಬಂದ ದಿನ. ಅದಕ್ಕೆ ಚಾ ಕಾರಣ ಅಲ್ಲ ಅಂತ ಈಗ ಗೊತ್ತಾಗಿದೆ.

ಒಂಬತ್ತಕ್ಕೆ ನಾಲ್ಕು ಜನ ನಡೆದು ಹೋಗುತ್ತೇವೆ. ಮೂವರಿಗೆ ಚಾ, ನನಗೆ ಗಿರ್ಮಿಟ್.

ಹುಬ್ಬಳ್ಳಿ_ಮಿರ್ಚಿ · ಬೆಳಗ್ಗೆ 9:11

ಗಿರ್ಮಿಟ್ ಜೊತೆ ಮಿರ್ಚಿ ಇಲ್ಲದೇ? ಅದನ್ನೂ ಡಾಕ್ಟರ್ ಬಿಡಿಸಿದರಾ?

ವಾರ್ಡ್_ಡ್ಯೂಟಿ · ಬೆಳಗ್ಗೆ 9:30

ನಾನು ಮಿರ್ಚಿ ಬಗ್ಗೆ ಏನೂ ಹೇಳಿಲ್ಲ. ಅದು ಯಾವ ಅಂಗಡಿ, ಸ್ವಲ್ಪ ವಿಳಾಸ ಹೇಳಿ.